ಅಜ್ಜಿಯ ನಾಲ್ಕು ಖಾಲಿ ಚೌಕ

ಸರ್ವೇಯರನಾದವನಿಗೆ ನಗೆಪಾಟಲಿಗೆ ಬರವಿಲ್ಲ. ಅಳೆಯಲು ಹೋದ ಕಡೆಯೆಲ್ಲ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಮೊಬೈಲಿನಲ್ಲಿ ಸುಡೊಕು ಆಡಲು ಶುರುಮಾಡಿದ ಮೇಲಂತೂ ಅಳೆಯಲು ಹೋಗಬೇಕೆಂದೂ ಇಲ್ಲ, ಕೂತಲ್ಲೇ ಆಗುತ್ತದೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಒಂಬತ್ತು ಅಡ್ಡಸಾಲು, ಒಂಬತ್ತು ಉದ್ದಸಾಲು, ಒಟ್ಟು ಎಂಬತ್ತೊಂದು ಚೌಕ. ಕೆಲವು ಚೌಕಗಳಲ್ಲಿ ಅಂಕಿ ಮೊದಲೇ ಇರುತ್ತದೆ, ಉಳಿದವನ್ನು ಒಂದರಿಂದ ಒಂಬತ್ತರವರೆಗಿನ ಅಂಕಿಗಳಿಂದ ನಾವು ತುಂಬಬೇಕು. ಒಂದೇ ಸಾಲಿನಲ್ಲಾಗಲಿ, ಮೂರು-ಮೂರು ಚೌಕದ ಒಂದೇ ಗುಂಪಿನಲ್ಲಾಗಲಿ ಒಂದೇ ಅಂಕಿ ಎರಡು ಸಲ ಬರಕೂಡದು. ಮೂರು ತಪ್ಪು ಮಾಡಿದರೆ ಆಟ ಮುಗಿಯಿತು. ಇಷ್ಟೇ. ಈ ಇಷ್ಟೇ ನನ್ನ ಜೀವ ಉಳಿಸಿದೆ, ಸುಳ್ಳಲ್ಲ.

೧. ದಿನಕ್ಕೆ ಎಷ್ಟು?

ಇಪ್ಪತ್ತು ವರ್ಷದ ಸಿಗರೇಟು ನನ್ನದು. ಬಿಸಿಲಲ್ಲಿ ಹೊಲ ಸುತ್ತುವವನಿಗೆ ಅದೇ ನೆರಳು ಎಂದುಕೊಂಡಿದ್ದೆ. ಒಂದು ದಿನ ಎದೆ ಹಿಡಿದುಕೊಂಡಿತು. ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಕಡೂರಿನ ನಮ್ಮ ಡಾಕ್ಟರು ಸ್ಪಷ್ಟವಾಗಿ ಹೇಳಿದರು: "ಇನ್ನೊಂದು ಸಿಗರೇಟು ಸೇದಿದ್ರೆ ನನ್ನ ಹತ್ರ ಬರ್ಬೇಡಿ. ನೇರ ಮೇಲಕ್ಕೇ ಹೋಗಿ."

ತರೀಕೆರೆಯ ಕಾಲೇಜಿನಲ್ಲಿ ಓದುವ ನನ್ನ ಮಗಳು ಅವತ್ತೇ ನನ್ನ ಫೋನು ಕಿತ್ತುಕೊಂಡು ಈ ಆಟ ಹಾಕಿದಳು. "ಅಪ್ಪಾ, ಕೈ ಜೇಬಿಗೆ ಹೋದಾಗೆಲ್ಲ ಇದನ್ನ ತೆಗಿ. ಒಂದಾಟ ಮುಗಿಯೋ ಹೊತ್ತಿಗೆ ಆಸೆ ಇಳಿದಿರುತ್ತೆ" ಎಂದಳು. ಮೊದಲ ದಿನ ಆಸೆ ಎಷ್ಟು ಸಲ ಬಂತೆಂದರೆ ಫೋನು ಸಂಜೆಯೊಳಗೆ ಮೂರು ಸಲ ಚಾರ್ಜು ಕೇಳಿತು.

ತಿಂಗಳ ಮೇಲೆ ತಪಾಸಣೆಗೆ ಹೋದೆ. ಡಾಕ್ಟರು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ಗಾಳಿ ಹಾಕುತ್ತಾ ಕೇಳಿದರು, "ಈಗ ದಿನಕ್ಕೆ ಎಷ್ಟು?"

ನನ್ನ ತಲೆಯಲ್ಲಿ ಆಟವೇ ತುಂಬಿತ್ತು. "ಹದಿನಾಲ್ಕು ಡಾಕ್ಟ್ರೇ. ಭಾನುವಾರ ಇಪ್ಪತ್ತಾದ್ರೂ ಆಗುತ್ತೆ" ಎಂದೆ.

ಅವರ ಮುಖ ಕೆಂಪಾಯಿತು. "ನಾಚಿಕೆ ಆಗಲ್ವೇನ್ರೀ? ಮನೇಲಿ ಬೆಳೆದ ಮಗಳಿದಾಳೆ!"

"ಮಗಳೇ ಹಾಕಿಕೊಟ್ಟಿದ್ದು ಡಾಕ್ಟ್ರೇ."

ಅವರು ಸ್ಟೆತಾಸ್ಕೋಪು ಕಿವಿಯಿಂದ ಕಿತ್ತರು. ಗಾಬರಿಯಾಗಿ ಇನ್ನೊಂದು ಕೈಯಲ್ಲಿ ಫೋನು ತೆಗೆದು ತೋರಿಸಿದೆ. ಸಿಗರೇಟಲ್ಲ, ಸುಡೊಕು ಎಂದು ತಿಳಿದ ಮೇಲೆ ಡಾಕ್ಟರಿಗೆ ನಗು ಬಂತು. ಆಮೇಲೆ ಫೋನಿನ ಮೇಲೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಹೊರಗೆ ಕಾದಿದ್ದವರು ಕೆಮ್ಮಿ ಕೆಮ್ಮಿ ತಮ್ಮ ಇರವು ತಿಳಿಸುತ್ತಿದ್ದರು.

"ಡಾಕ್ಟ್ರೇ, ಕೈ ಜೋಮು ಹಿಡೀತಾ ಇದೆ. ಪಟ್ಟಿ ಬಿಚ್ತೀರಾ?"

"ಸ್ವಲ್ಪ ತಡ್ಕೊಳ್ರೀ," ಎಂದರು ಅವರು, "ಈ ಆರು ಎಲ್ಲಿ ಬರುತ್ತೆ ಅಂತ ಗೊತ್ತಾಗ್ಲಿ!"

೨. ಇಳಿಯದ ಸ್ಟೇಷನ್ನು

ನನ್ನ ಮನೆ ಕಡೂರು, ಕೆಲಸ ಅಜ್ಜಂಪುರ. ಬೆಳಿಗ್ಗೆ ಪ್ಯಾಸೆಂಜರ್ ರೈಲು. ಅಜ್ಜಂಪುರದಲ್ಲಿ ಇಳಿದು, ಸ್ಟೇಷನ್ನಿನ ಹೊರಗೆ ಟೀ ಅಂಗಡಿಯಲ್ಲಿ ನಿಂತು ಒಂದು ಹಚ್ಚುವುದು ಇಪ್ಪತ್ತು ವರ್ಷದ ಸಂಪ್ರದಾಯ. ಸಿಗರೇಟು ಬಿಟ್ಟ ಮೇಲೆ ನನಗೆ ದೊಡ್ಡ ಕಂಟಕ ಆ ಅಂಗಡಿಯೇ. ಅಂಗಡಿಯವನು ಮರ್ಯಾದಸ್ಥ, ನನ್ನ ಮುಖ ಕಂಡ ತಕ್ಷಣ ಬೆಂಕಿಪೊಟ್ಟಣ ಮುಂದಿಡುತ್ತಿದ್ದ.

ಒಂದು ದಿನ ಬೀರೂರಿನಲ್ಲಿ ಒಬ್ಬ ಮೇಷ್ಟರು ಹತ್ತಿ ನನ್ನ ಪಕ್ಕ ಕೂತರು. ನಮ್ಮ ಕಡೆ ಪಕ್ಕದವನ ಪೇಪರು ಓದುವುದು ಹೇಗೆ ಹಕ್ಕೋ, ಪಕ್ಕದವನ ಮೊಬೈಲು ನೋಡುವುದೂ ಹಾಗೇ. ಮೇಷ್ಟರು ಕತ್ತು ಚಾಚಿ ನೋಡಿ, "ಅಲ್ಲಿ ಮೂರು ಬರುತ್ತೆ ಕಣ್ರೀ" ಎಂದರು. ಎದುರು ಸೀಟಿನ ಹೂವಿನ ಬುಟ್ಟಿಯ ಹೆಂಗಸು ಎದ್ದು ನಿಂತು ನೋಡಿ, "ಮೂರು ಆಗ್ಲೇ ಮ್ಯಾಲೆ ಕುಂತೈತಲ್ಲ ಮೇಷ್ಟ್ರೇ" ಎಂದಳು. ಮೇಷ್ಟರಿಗೆ ಅವಮಾನವಾಯಿತು. ಇಬ್ಬರಿಗೂ ಜಟಾಪಟಿ ಹತ್ತಿತು. ನಾನು ಬರೀ ಫೋನು ಹಿಡಿದುಕೊಂಡ ಸ್ಟ್ಯಾಂಡಾದೆ.

ಹೆಂಗಸು ಹೇಳಿದ್ದೇ ಸರಿಯಿತ್ತು. ತಲೆ ಎತ್ತಿ ನೋಡಿದರೆ ಹೊರಗೆ ಶಿವನಿ ಅಂತ ಬೋರ್ಡು. ಮೂವರೂ ಅಜ್ಜಂಪುರದಲ್ಲಿ ಇಳಿಯಬೇಕಾದವರು!

ಇಳಿಯದ ಸ್ಟೇಷನ್ನಿನಲ್ಲಿ ಯಾರೂ ಸಿಗರೇಟು ಸೇದಲಾರರು. ಹಾಗಾಗಿ ನನಗೆ ಸಂತೋಷವೇ ಆಯಿತು. ವಾಪಸು ಬಸ್ಸಿನಲ್ಲಿ ಮೂವರ ಟಿಕೆಟ್ಟೂ ನಾನೇ ತೆಗೆದೆ. ಹೂವಿನ ಹೆಂಗಸು ನನಗೆ ಒಂದು ಮೊಳ ಮಲ್ಲಿಗೆ ಕೊಟ್ಟು, "ಮನೆಯೋರಿಗೆ ಕೊಡಿ" ಎಂದಳು. ಮೇಷ್ಟರು ಮಾತ್ರ ಅಜ್ಜಂಪುರ ಬರುವ ತನಕ ಕಿಟಕಿ ಕಡೆ ಮುಖಮಾಡಿ ಕೂತಿದ್ದು, ಇಳಿಯುವಾಗ ತಿರುಗಿ ಹೇಳಿದರು: "ಮೂರು ಹಾಕಿದ್ರೂ ನಡೀತಿತ್ತು."

೩. ನಿಜ ಹೇಳಿದರೂ ನಂಬಲಿಲ್ಲ

ಸಿಗರೇಟು ಬಿಟ್ಟು ನಲವತ್ತೊಂದನೇ ದಿನ. ಶಿವನಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಹೊಲ ಅಳೆದು ಗಡಿ ಗುರುತಿಸಿ ಕೊಡಬೇಕಿತ್ತು. ಅಳತೆಯ ಸರಪಳಿ ಹಿಡಿಯುವ ಸಹಾಯಕನನ್ನೂ ಕರೆದುಕೊಂಡು ಹೋಗಿದ್ದೆ. ನಾಲ್ಕೆಕರೆ, ಈರುಳ್ಳಿ ಬೆಳೆಯುವ ನೆಲ. ಪಕ್ಕದ ಹೊಲ ಅಜ್ಜಿಯ ಮೈದುನನದು. ಅವನು ಪ್ರತಿವರ್ಷ ಉಳುವಾಗ ಬದುವನ್ನೂ ಸೇರಿಸಿಕೊಂಡು ಉಳುತ್ತಾನೆ ಎಂಬುದು ಅಜ್ಜಿಯ ದೂರು. ಅವನಿಲ್ಲದೆ ಅಳೆಯುವಂತಿಲ್ಲ; ಹತ್ತು ಗಂಟೆಗೆ ಬರಬೇಕಾದವನು ಹನ್ನೆರಡಾದರೂ ಬರಲಿಲ್ಲ. ನನ್ನ ಕೈ ಜೇಬಿಗೆ ಹೋಯಿತು. ಬೇವಿನ ಮರದ ಕೆಳಗೆ ಕೂತು ಆಟ ತೆಗೆದೆ.

ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಅಜ್ಜಿ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿತು. ಹಿಂದೆ ಬಂದ ಸರ್ವೇಯರುಗಳ ಕೈಯಲ್ಲಿ ಗ್ರಾಮದ ನಕ್ಷೆ ಕಂಡಿದ್ದ ಜೀವ. ಗೆರೆ, ಗೆರೆಯೊಳಗೆ ಚೌಕ, ಚೌಕದೊಳಗೆ ನಂಬರು.

"ಸಾಮಿ, ಇದ್ರಲ್ಲಿ ನಮ್ದು ಯಾವ್ದು?"

ನಾನು ಉತ್ತರಿಸುವ ಮೊದಲೇ ಅದರ ಬೆರಳು ಕೆಳಗಿನ ಮೂಲೆಗೆ ಬಂತು. "ಎಲ್ರಿಗೂ ನಂಬರ್ ಕೊಟ್ಟು ಇಲ್ಲಿ ಯಾಕೆ ಖಾಲಿ ಬಿಟ್ಟಿದೀರಾ? ಒಂದು, ಎಲ್ಡು, ಮೂರು, ನಾಕು. ಸರಿಯಾಗಿ ನಾಕೈತೆ! ನನ್ ನಾಕೆಕ್ರೆ ತಾನೆ ಇದು?"

"ಅಜ್ಜೀ, ಇದು ನಕ್ಷೆ ಅಲ್ಲ ಕಣಮ್ಮ. ಆಟ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ಸರ್ಕಾರದ ಸಂಬಳ ತಗಂಡು, ಹೊಲದಲ್ಲಿ ಕುಂತು, ನಡು ಮಧ್ಯಾಹ್ನ ಯಾರಾದ್ರೂ ಆಟ ಆಡ್ತಾರಾ? ದೊಡ್ಡೋರಾಗಿ ಸುಳ್ ಹೇಳ್ಬೇಡಿ."

ನಾನು ಫೋನನ್ನು ನಕ್ಷೆಯ ಹಾಗೆ ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡೆ.

೪. ಹೆಬ್ಬೆಟ್ಟಿನ ಷರತ್ತು

ಅಷ್ಟರಲ್ಲಿ ಮೈದುನ ಬಂದ. ಆ ನಾಲ್ಕು ಚೌಕ ಹಾಗೇ ಬಿಟ್ಟು ಅಳತೆಗೆ ಎದ್ದೆ. ಎರಡು ಗಂಟೆ ಬಿಸಿಲು, ಎರಡು ಕಡೆಯ ಬೈಗುಳ. ಕೊನೆಗೆ ಕತ್ತಾಳೆ ಬುಡ ಅಗೆಸಿದಾಗ ಹಳೇ ಗಡಿಕಲ್ಲು ಸಿಕ್ಕಿತು. ಅದು ಮೈದುನ ಉತ್ತುಕೊಂಡ ನೆಲದಲ್ಲಿ, ಬದುವಿನಿಂದ ಎರಡಡಿ ಒಳಗೆ ಹೂತುಕೊಂಡಿತ್ತು.

"ಕಲ್ಲು ತಾನೇ ಸರಿದಿರ್ಬೇಕು ಸಾರ್" ಎಂದ ಅವನು.

ನನ್ನ ತಲೆ ಸಿಡಿಯುತ್ತಿತ್ತು. ಅದನ್ನು ಕಂಡ ಮೈದುನ ಮೆಲ್ಲಗೆ ಹತ್ತಿರ ಬಂದು, "ಸುಸ್ತಾಗಿದೀರಾ ಸಾರ್, ತಗಳಿ" ಎಂದು ಸಿಗರೇಟು ಚಾಚಿದ. ನನ್ನ ಕೈ ನನ್ನ ಮಾತು ಕೇಳಲಿಲ್ಲ. ತೆಗೆದುಕೊಂಡುಬಿಟ್ಟೆ. ತುಟಿಗೂ ಹೋಯಿತು. ಅವನು ಕಡ್ಡಿ ಗೀರಿದ. ಡಾಕ್ಟರ ಮಾತು, ಮಗಳ ಮುಖ ಎರಡೂ ನೆನಪಾದವು, ಆದರೂ ಬಗ್ಗಿದೆ.

ಫಟ್ ಎಂದು ಏಟು ಬಿತ್ತು. ಸಿಗರೇಟು ಹಾರಿ ಬದುವಿನಾಚೆ ಬಿತ್ತು. ಅಜ್ಜಿ!

"ಎದೆಗೆ ಏನೋ ಹಾಕ್ಸ್ಕಂಡೋರಂತೆ, ಸೇದಂಗಿಲ್ವಂತೆ, ನಿಮ್ ಜತೆ ಬಂದೋರೇ ಹೇಳಿದ್ರು. ನೀವು ಇಲ್ಲೇ ಬಿದ್ದೋದ್ರೆ ನನ್ ನಾಕು ಖಾನೆ ಯಾರು ತುಂಬ್ತಾರೆ? ಮೊದ್ಲು ಅದನ್ನ ತುಂಬಿ. ಅಲ್ಲೀವರ್ಗೂ ನಾನು ಹೆಬ್ಬೆಟ್ ಒತ್ತಾಕಿಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ. ಅಜ್ಜಿಯ ಹೆಬ್ಬೆಟ್ಟಿಲ್ಲದೆ ಮಹಜರು ಪೂರ್ತಿಯಾಗುವುದಿಲ್ಲ. ಮತ್ತೆ ಬೇವಿನ ಮರದ ಕೆಳಗೆ ಕೂತೆ. ಆಗಲೇ ಎರಡು ತಪ್ಪು ಮಾಡಿದ್ದೆ. ಇನ್ನೊಂದಾದರೆ ಆಟ ಮುಗಿದು, ಅಜ್ಜಿಯ ಲೆಕ್ಕದಲ್ಲಿ ನಾಲ್ಕೆಕರೆ ಮುಳುಗಿದಂತೆ. ಅಳತೆ ನೋಡಲು ಸೇರಿದ್ದ ಹತ್ತು ಜನ ಸುತ್ತ ಬಗ್ಗಿ ನಿಂತರು. ಎಷ್ಟೋ ಪರೀಕ್ಷೆ ಬರೆದಿದ್ದೇನೆ, ಅಷ್ಟು ಬೆವರಿರಲಿಲ್ಲ.

ಅಜ್ಜಿಯ ಮೂಲೆಗೆ ಎರಡು, ಏಳು ಹಾಕಿದೆ. ಆಮೇಲೆ ಒಂಬತ್ತು ಹಾಕಿದ್ದೇ ತಡ, ಮೈದುನ ಸಿಡಿದ. "ಅತ್ತಿಗೆಗೆ ಒಂಬತ್ತಾ? ಪಕ್ಕದಲ್ಲಿ ನಂಗೆ ಬರೀ ಮೂರಾ?"

"ಒಂದು ಸಾಲಿಗೆ ಒಂದೇ ಒಂಬತ್ತು ಕಣಪ್ಪ. ಯಾರಿಗೂ ಎರಡಿಲ್ಲ" ಎಂದೆ. ಅವನು ಎಲ್ಲ ಸಾಲಿನ ಮೇಲೂ ಬೆರಳಾಡಿಸಿ ನೋಡಿಕೊಂಡ. "ಹಂಗಾದ್ರೆ ನ್ಯಾಯ" ಎಂದ.

ಕೊನೆಯ ಅಂಕಿ ನಾಲ್ಕು ಬಿತ್ತು. ಫೋನಿನ ತುಂಬ ಬಣ್ಣದ ಚೂರು ಸುರಿದವು. ಜನ ಚಪ್ಪಾಳೆ ತಟ್ಟಿದರು. ಅಜ್ಜಿ ಹೆಬ್ಬೆಟ್ಟು ಒತ್ತಿತು, ಮೈದುನ ಸಹಿ ಹಾಕಿದ. ನನಗೆ ಸಿಗರೇಟಿನ ನೆನಪೇ ಇರಲಿಲ್ಲ. ಹಗುರಾದ ಮನಸ್ಸಿನಲ್ಲಿ, ಅಭ್ಯಾಸಬಲದಿಂದ, ‘ಹೊಸ ಆಟ’ ಎಂಬುದನ್ನು ಒತ್ತಿಬಿಟ್ಟೆ.

ಎಂಬತ್ತೊಂದರಲ್ಲಿ ಐವತ್ತು ಚೌಕ ಒಮ್ಮೆಗೇ ಖಾಲಿ. ಸುತ್ತ ನಿಂತವರು ಹೋ ಎಂದರು. ಅದೃಷ್ಟ ನೋಡಿ, ಅಜ್ಜಿಯ ಮೂಲೆಯ ನಾಲ್ಕರಲ್ಲೂ ಅಂಕಿ ಇದ್ದವು. ಪಕ್ಕದ್ದೆಲ್ಲ ಬೋಳು.

ಅಜ್ಜಿ ಸೆರಗು ಕೊಡವಿಕೊಂಡು ಎದ್ದಿತು. "ನಂದು ತುಂಬೈತೆ, ಬಿಡಿ. ಮಿಕ್ಕಿದ್ದು ಅವ್ರವ್ರು ನೋಡ್ಕಳ್ಳಿ."

ಇದಾಗಿ ಎಂಟು ತಿಂಗಳು. ಇವತ್ತಿನ ತನಕ ಒಂದೂ ಸೇದಿಲ್ಲ. ಆಟ ಹಾಕಿಕೊಟ್ಟ ಮಗಳಿಗೆ, ಸ್ಟೇಷನ್ನು ತಪ್ಪಿಸಿದ ಮೇಷ್ಟರಿಗೆ ಮತ್ತು ಹೂವಿನ ಹೆಂಗಸಿಗೆ, ಎಲ್ಲಕ್ಕಿಂತ ಮೇಲಾಗಿ ಆ ಅಜ್ಜಿಯ ಅಂಗೈಗೆ ನಾನು ಋಣಿ. ಸ್ವಂತ ತಾಯಿ ಇದ್ದಿದ್ದರೂ ಅಷ್ಟು ಹೊತ್ತಿಗೆ ಸರಿಯಾಗಿ ಹೊಡೆಯುತ್ತಿರಲಿಲ್ಲ.

ಆದರೆ ಅಂದಿನ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ಸೋಮವಾರ ಕಚೇರಿಗೆ ಹೋದರೆ ನನ್ನ ಮೇಜಿನ ಮೇಲೆ ಮೈದುನನ ಅರ್ಜಿ ಕಾದಿತ್ತು: "ಸರ್ವೇಯರ್ ಸಾಹೇಬರ ಮೊಬೈಲಿನಲ್ಲಿ ನನ್ನ ಜಮೀನು ಖಾಲಿಯಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದು, ಸಾಹೇಬರು ದಯಮಾಡಿ ಸ್ಥಳಕ್ಕೆ ಬಂದು, ನನ್ನ ಅತ್ತಿಗೆ ಇಲ್ಲದ ಹೊತ್ತಿನಲ್ಲಿ, ಎಲ್ಲಾ ಕಡೆ ಒಂಬತ್ತು ತುಂಬಿಕೊಡಬೇಕಾಗಿ ಪ್ರಾರ್ಥನೆ."