ಟಿಕ್‌ಟಿಕ್ ರಾಯರ ಬಿರುಕು ಕೋವಿ

ಆ ಭಾನುವಾರ ಬೆಳಗ್ಗೆ ಟಿಕ್‌ಟಿಕ್ ರಾಯರು ಹಾರಿಸಿದ್ದು ಒಂದೇ ಒಂದು ಗುಂಡು. ಅದು ಗುರಿಹಲಗೆಯ ಹತ್ತಿರಕ್ಕೂ ಹೋಗಲಿಲ್ಲ. ಕೋವಿಯ ಮರದ ಹಿಡಿ ಮಾತ್ರ ಪಟ್ಟನೆ ಉದ್ದಕ್ಕೂ ಬಿರಿಯಿತು. ಕ್ಲಬ್ಬಿನ ಗೆಳೆಯ ಬೇಕರಿಯವನಿಂದ ಆ ಹಳೆಯ ಕೋವಿಯನ್ನು ಕೊಂಡು ಇನ್ನೂ ಎಂಟು ದಿನವಾಗಿರಲಿಲ್ಲ! ಸಂಜೆ ನಾಲ್ಕಕ್ಕೆ ಸರಿಯಾಗಿ ಕೋವಿ ಕ್ಲಬ್ಬಿನ ಗುರಿ ಹೊಡೆಯುವ ಸ್ಪರ್ಧೆ ಬೇರೆ. ಹನ್ನೊಂದು ವರ್ಷಗಳಿಂದ ಬೇರೆಯವರಿಗೆ ಚಪ್ಪಾಳೆ ತಟ್ಟಿ ಮನೆಗೆ ಬರುತ್ತಿದ್ದ ರಾಯರು, ಈ ಸಲ ಗೆಲುವು ತಮ್ಮದೇ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದರು.

"ಮೊದಲು ನಮ್ಮನೆ ಗೋಡೆ ಗಡಿಯಾರ ರಿಪೇರಿ ಮಾಡಿ, ಆಮೇಲೆ ಗೆಲ್ಲುವಿರಂತೆ," ಎಂದಿದ್ದಳು ಆಕೆ. ಅಂಗಡಿ ಇಟ್ಟು ಊರವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡುವ ರಾಯರ ಮನೆಯ ಗಡಿಯಾರ ಆರು ವರ್ಷಗಳಿಂದ ನಿಂತಿತ್ತು. ಕೇಳಿದಾಗಲೆಲ್ಲ, "ಒಳಗಿನ ಸಾಮಾನು ಸಿಗ್ತಾ ಇಲ್ಲ ಕಣೇ," ಎಂಬುದೇ ಉತ್ತರ.

ರಾಯರು ಬಿರಿದ ಕೋವಿಯನ್ನು ಹೊತ್ತು ಬೇಕರಿಗೆ ನುಗ್ಗಿದರು. "ಏನ್ರೀ ಇದು? ಹಾಡಹಗಲೇ ಮೋಸ! ಬಿರುಕಿಗೆ ಬಣ್ಣ ಬಳಿದು ನನ್ನ ತಲೆಗೆ ಕಟ್ಟಿದ್ದೀರಲ್ಲ!"

"ಸ್ವಲ್ಪ ಮೆತ್ತಗೆ ರಾಯರೇ. ಕಟಿಂಗ್ ಶಾಪಿನವನು ಹೇಗೆ ಕೊಟ್ಟನೋ ಹಾಗೇ ನಿಮಗೆ ಕೊಟ್ಟಿದೀನಿ. ಕೇಕಿನ ಥರ ಕುಯ್ದು ಒಳಗೆ ನೋಡಕ್ಕಾಗತ್ತಾ?"

ಗಲಾಟೆ ಕೇಳಿ ಪಕ್ಕದ ಕಟಿಂಗ್ ಶಾಪಿನವನು ಕೈಯಲ್ಲಿ ಬ್ರಷ್ ಹಿಡಿದೇ ಓಡಿಬಂದ. ಅವನ ಹಿಂದೆ ಅರ್ಧ ಗಡ್ಡದ ಗಿರಾಕಿಯೊಬ್ಬ, "ಈ ಕಡೆ ಕೆನ್ನೆ ಮುಗಿಸಿ ಹೋಗಪ್ಪಾ," ಎನ್ನುತ್ತ ಬಂದ. "ನಂದೇನೂ ತಪ್ಪಿಲ್ಲಣ್ಣಾ," ಎಂದ ಕಟಿಂಗ್ ಶಾಪಿನವನು. "ಹಳೇ ಹಿಡಿ ಹಾಳಾಗಿತ್ತು ಅಂತ ಕೋವಿ ಮೇಸ್ತ್ರಿ ಹತ್ರ ಈ ಹಿಡಿ ಹಾಕಿಸ್ಕೊಂಡೆ. ಕಪ್ಪು ಬಣ್ಣ ಬಳಿದವನೂ ಅವನೇ."

ಸರಿ, ಇಡೀ ಗುಂಪು ಮೇಸ್ತ್ರಿಯನ್ನೂ ಎಳೆದುಕೊಂಡು ಕ್ಲಬ್ಬಿಗೆ ಬಂತು. ಅಲ್ಲಿನ ಅಧ್ಯಕ್ಷರು ರಿಟೈರಾದ ಹೆಡ್‌ಮಾಸ್ಟರು. ಹಳೆಯ ಕೋವಿಗಳ ಜಗಳಕ್ಕೆ ಅವರದೊಂದು ಪದ್ಧತಿಯಿತ್ತು. ದೂರು ತಂದವನೇ ಬೋರ್ಡಿನ ಮೇಲೆ ಶಿಕ್ಷೆ ಬರೆಯಬೇಕು. ಆಮೇಲೆ ಎಲ್ಲರೆದುರು ಕೋವಿ ಬಿಚ್ಚಬೇಕು. ದೋಷವನ್ನು ಮೊದಲು ಮುಚ್ಚಿಟ್ಟವನು ಯಾರೋ ಅವನಿಗೇ ಆ ಶಿಕ್ಷೆ. ಬರೆದದ್ದನ್ನು ಅಳಿಸುವಂತಿಲ್ಲ.

ಮೂರು ವರ್ಷದಿಂದ ಕಪ್ ಗೆಲ್ಲುತ್ತಿದ್ದ ಬೇಕರಿಯವನನ್ನೇ ದುರುಗುಟ್ಟಿ ನೋಡುತ್ತ ರಾಯರು ಸೀಮೆಸುಣ್ಣ ಎತ್ತಿಕೊಂಡರು. 'ಒಂದು ವರ್ಷ ಸ್ಪರ್ಧೆಗೆ ಇಳಿಯಬಾರದು. ಪ್ರತಿ ಭಾನುವಾರ ಎಲ್ಲ ಸದಸ್ಯರ ಕೋವಿ ಉಜ್ಜಿ ಎಣ್ಣೆ ಹಾಕಬೇಕು.'

"ಸ್ವಲ್ಪ ಜಾಸ್ತಿ ಆಯ್ತೇನೋ ರಾಯರೇ?" ಎಂದರು ಹೆಡ್‌ಮಾಸ್ಟರು.

"ಜಾಸ್ತೀನಾ? ಕೆಳಗೆ ಎರಡು ಗೆರೆ ಬೇರೆ ಎಳೀತೀನಿ!" ಎಂದು ರಾಯರು ಎಳೆದೇಬಿಟ್ಟರು. ಅವರ ಉತ್ಸಾಹಕ್ಕೆ ಸೀಮೆಸುಣ್ಣ ಮುರಿಯಿತು.

ಮೇಸ್ತ್ರಿ ಹಿಡಿಯನ್ನು ಬಿಚ್ಚಿ ಕೆರೆಯತೊಡಗಿದ. "ಹಳೇ ಕೋವಿ ಬಿಚ್ಚಿ ಹಿಡಿಗಳನ್ನ ಬೇರೆ ಮಾರ್ತೀನಿ ಸಾರ್. ಇದು ಯಾರದ್ದೋ ನೆನಪಿಲ್ಲ. ಬಂದಾಗಲೇ ಪಾಲಿಶ್ ಎಷ್ಟು ಚೆನ್ನಾಗಿತ್ತು ಅಂದ್ರೆ, ನಾನೇ ಮೋಸಹೋದೆ."

ಕಪ್ಪು ಬಣ್ಣ ಹೋಯಿತು. ಅದರಡಿಯ ಮೇಣ ಹೋಯಿತು. ಬಿರುಕಿನ ಸುತ್ತ ಬಿಗಿಯಾಗಿ ಸುತ್ತಿದ್ದ ತೆಳ್ಳಗಿನ ಉಕ್ಕಿನ ಪಟ್ಟಿಯೊಂದು ಫಳಫಳ ಹೊಳೆಯಿತು.

ರಾಯರು ಆ ಪಟ್ಟಿಯನ್ನು ತಟ್ಟನೆ ಗುರುತಿಸಿದರು. ಆರು ವರ್ಷದ ಹಿಂದೆ ಮೆಟ್ಟಿಲಿನಿಂದ ಉರುಳಿ ಹಿಡಿ ಬಿರಿದ ತಮ್ಮ ಹಳೆಯ ಕೋವಿ ನೆನಪಾಯಿತು. ಅದನ್ನು ಮೇಸ್ತ್ರಿಗೆ ಮಾರುವ ಮುನ್ನ ಬಾಗಿಲು ಹಾಕಿಕೊಂಡು ಮಾಡಿದ ಕೈಚಳಕವೂ ನೆನಪಾಯಿತು.

"ಹೋಗ್ಲಿ ಬಿಡಿ ಮಾಸ್ಟರೇ," ಎಂದರು ಬೆಣ್ಣೆಯಂಥ ದನಿಯಲ್ಲಿ. "ಮನುಷ್ಯ ಅಂದ್ಮೇಲೆ ತಪ್ಪಾಗತ್ತೆ. ಬೇಕರಿಯವರು ನನಗೆ ತಮ್ಮ ಇದ್ದ ಹಾಗೆ." ಕೈ ಮಾತ್ರ ಮೆಲ್ಲಗೆ ಡಸ್ಟರಿನ ಕಡೆ ಹರಿಯಿತು. ಹೆಡ್‌ಮಾಸ್ಟರು ಡಸ್ಟರನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ, ಊಟಕ್ಕೆ ಬಾರದ ಗಂಡನನ್ನು ಹುಡುಕಿಕೊಂಡು ಹೆಂಡತಿ ಒಳಗೆ ಬಂದಳು. ಮೇಜಿನ ಮೇಲೆ ಬಗ್ಗಿ ನೋಡಿದವಳ ಮುಖ ಊರಗಲವಾಯಿತು.

"ರೀ! ನಮ್ಮನೆ ಗಡಿಯಾರದ ಸ್ಪ್ರಿಂಗು! ನೋಡಿ, ಅಂಗಡಿ ಸ್ಪ್ರಿಂಗುಗಳ ಜೊತೆ ಬೆರೀಬಾರ್ದು ಅಂತ ತುದೀಲಿ ನಾನು ಗುರುತಿಗೆ ಹಚ್ಚಿದ್ದ ಕೆಂಪು ಉಗುರುಬಣ್ಣ ಹಾಗೇ ಇದೆ. ಆರು ವರ್ಷದಿಂದ ಸಿಗ್ತಾ ಇಲ್ಲ, ಸಿಗ್ತಾ ಇಲ್ಲ ಅಂತಿದ್ರಲ್ಲ, ಕೊನೆಗೂ ಹುಡುಕಿಬಿಟ್ರಾ?"

ಎಲ್ಲರ ಕಣ್ಣೂ ರಾಯರಿಂದ ಬೋರ್ಡಿಗೆ ಹೋಗಿ, ಎರಡು ಗೆರೆಗಳ ಮೇಲೆ ನಿಂತವು. ಮೊದಲು ನಕ್ಕವನು ಅರ್ಧ ಗಡ್ಡದ ಗಿರಾಕಿ.

ಸಂಜೆ ರಾಯರು ಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಸ್ಪ್ರಿಂಗ್ ಕೂರಿಸಿ, ಕೈಗಡಿಯಾರ ನೋಡಿ ಮುಳ್ಳು ತಿರುಗಿಸಿದರು. ಕೆಳಗಿನ ಚಾಪೆಯ ಮೇಲೆ ಸದಸ್ಯರ ಹದಿನೇಳು ಕೋವಿಗಳ ಪಟ್ಟಿಯೂ ಒಂದು ಡಬ್ಬಿ ಎಣ್ಣೆಯೂ ಕಾದಿದ್ದವು.

ಗಡಿಯಾರ ಢಣ್ ಢಣ್ ಎಂದು ನಾಲ್ಕು ಬಾರಿಸಿತು. ಅದೇ ಗಳಿಗೆಗೆ ಮೈದಾನದ ಕಡೆಯಿಂದ ಸ್ಪರ್ಧೆಯ ಮೊದಲ ಗುಂಡಿನ ಸದ್ದು ಕೇಳಿಬಂತು.

"ಅಬ್ಬಾ! ಒಂದು ಸೆಕೆಂಡೂ ಆಚೀಚೆ ಇಲ್ಲ ರೀ!" ಎಂದು ಹೆಂಡತಿ ಜೋರಾಗಿ ಚಪ್ಪಾಳೆ ತಟ್ಟಿದಳು.