ಮೋಟಾರು ಮನೆಯಲ್ಲಿ ನಾನೇ ಕೂರಿಸಿದ ದೆವ್ವ

ಆಗ ನನಗೆ ಅರವತ್ತೇಳು. ಮೂರು ವರ್ಷದ ಹಿಂದಿನ ಮಾತು. ನಾನು ಓದಿದ್ದು ಮೂರನೇ ಕ್ಲಾಸು. ಅಷ್ಟು ಓದಿದವಳು ಕಥೆ ಬರೆಯಲು ಹೊರಟರೆ ಬೆಳೆ ಏನಾಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ನಮ್ಮ ಹಂಗಳದ ಕಡೆ ಒಬ್ಬರು ಮೇಷ್ಟ್ರು ಇದ್ದರು. ದೆವ್ವದ ಕಥೆ ಬರೆಯುತ್ತಿದ್ದರು. ಮರೆತುಹೋಗಿದ್ದ ಅಕ್ಷರಗಳನ್ನು ನಾನು ಮತ್ತೆ ಕಲಿತದ್ದೇ ಅವರ ಪುಸ್ತಕಗಳಿಂದ. ಒಂದೊಂದೇ ಅಕ್ಷರ ಕೂಡಿಸಿ ಓದುವವಳಿಗೆ ದೆವ್ವ ಬರುವುದೂ ನಿಧಾನ. ಹೊಸ್ತಿಲ ಮೇಲೆ ಕಾಲಿಟ್ಟದ್ದು ಒಳಗೆ ಬರಲು ಅರ್ಧ ಗಂಟೆ ಹಿಡಿಯುತ್ತಿತ್ತು! ಅಷ್ಟು ಹೊತ್ತೂ ಹೆದರಬೇಕು.

ಮೇಷ್ಟ್ರು ತೀರಿಕೊಂಡು ವರ್ಷವಾದಾಗ ಅವರ ಶಿಷ್ಯರು ಗುಂಡ್ಲುಪೇಟೆಯಲ್ಲಿ ಸಭೆ ಇಟ್ಟರು. ಇಷ್ಟವಿದ್ದವರು ಮೇಷ್ಟ್ರ ರೀತಿಯಲ್ಲೇ ಪುಟ್ಟದೊಂದು ದೆವ್ವದ ಕಥೆ ಬರೆದು ಓದಬೇಕು, ಅದೇ ಅವರಿಗೆ ಗೌರವ. ನಾನೂ ಹೆಸರು ಕೊಟ್ಟೆ.

"ಈರುಳ್ಳಿ ಕೀಳೋ ಹೊತ್ನಲ್ಲಿ ನಿಂಗ್ಯಾಕಮ್ಮಿ ದೆವ್ವದ ಸವಾಸ?" ಅಂದರು ನಮ್ಮ ಯಜಮಾನರು.

"ನಿಮ್ ಜೊತೆ ಐವತ್ತು ವರ್ಸ ಬಾಳಿವ್ನಿ. ದೆವ್ವ ಇನ್ನೇನ್ ಮಾಡ್ಬುಟ್ಟಾತು?" ಅಂದೆ.

ಆದರೂ ಅವರ ಮಾತಲ್ಲಿ ಅರ್ಥವಿತ್ತು. ಹೊಲದಲ್ಲಿ ಸಣ್ಣ ಈರುಳ್ಳಿ ಬಲಿತು ನಿಂತಿತ್ತು. ಮೋಡ ಕಟ್ಟುತ್ತಿತ್ತು. ಕೀಳುವ ಮೊದಲೇ ಮಳೆ ಹಿಡಿದುಕೊಂಡರೆ ಎಲ್ಲಾ ಮಣ್ಣಲ್ಲೇ ಕೊಳೆಯುತ್ತದೆ. ಆದರೆ ಕೂಲಿಗೆ ಬರುವ ಚಿಕ್ಕತಾಯಿ ತನ್ನ ಗುಂಪಿನ ಹೆಂಗಸರನ್ನೆಲ್ಲ ಸಭೆಯ ಮಾರನೇ ದಿನವೇ ಕರೆತರುತ್ತೇನೆ ಎಂದಿದ್ದಳು. ನನಗೇನು ಚಿಂತೆ?

ಮೇಷ್ಟ್ರ ಗುಟ್ಟು ನನಗೆ ಗೊತ್ತಿತ್ತು. ಅವರ ದೆವ್ವ ಎಲ್ಲೋ ದೂರದ ಪಾಳು ಬಂಗಲೆಯಲ್ಲಿ ಇರುತ್ತಿರಲಿಲ್ಲ. ಹಿಟ್ಟಿನ ಗಿರಣಿಯಲ್ಲೋ ಬಸ್ ಸ್ಟಾಪಿನಲ್ಲೋ, ನಾಳೆ ನಾವು ಹೋಗಲೇಬೇಕಾದ ಜಾಗದಲ್ಲಿ ಇರುತ್ತಿತ್ತು. ನಾನೂ ಹಾಗೇ ಮಾಡಿದೆ. ನಮ್ಮ ಹೊಲದಲ್ಲಿ ನೀರಿನ ಪಂಪು ಇಟ್ಟಿರುವ ಮೋಟಾರು ಮನೆಯಲ್ಲಿ ಒಂದು ಹೆಣ್ಣು ದೆವ್ವವನ್ನು ಕೂರಿಸಿದೆ. ಸದರಿ ದೆವ್ವವು ಕತ್ತಲಲ್ಲಿ ಒದ್ದೆ ತಲೆಯಲ್ಲಿ ಕೂತು ಈರುಳ್ಳಿ ಬಿಡಿಸುತ್ತದೆ. ಎಷ್ಟು ಬಿಡಿಸಿದರೂ ಕಣ್ಣಲ್ಲಿ ನೀರು ಬರುವುದಿಲ್ಲ. ಸತ್ತವರಿಗೆ ಎಲ್ಲಿಯ ಕಣ್ಣೀರು! "ಬಾರಮ್ಮಿ, ಕೂತ್ಕೊ" ಎಂದು ಕರೆಯುತ್ತದೆ. ಕೂತವರು ಎದ್ದಿಲ್ಲ.

ಚಪ್ಪಾಳೆ ಹೊಡೆಯಲು ನಮ್ಮವರು ಬೇಕಲ್ಲ? ಚಿಕ್ಕತಾಯಿಯ ಇಡೀ ಗುಂಪನ್ನು ನಾನೇ ಬಸ್ಸು ಹತ್ತಿಸಿ ಸಭೆಗೆ ಕರೆದುಕೊಂಡು ಹೋದೆ. ನಾನೇ!

ಕಥೆ ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ನಮ್ಮ ಹೆಂಗಸರು ಮಾತ್ರ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಿಳಿಚಿಕೊಂಡಿದ್ದರು. ಗೆದ್ದೆ ಅಂದುಕೊಂಡೆ. ದಡ್ಡಿ!

ಮಾರನೇ ದಿನ ಅವರೆಲ್ಲ ಬಂದು ಬದುವಿನ ಮೇಲೆ ಸಾಲಾಗಿ ನಿಂತರು. ಒಬ್ಬಳೂ ಹೊಲಕ್ಕೆ ಇಳಿಯಲಿಲ್ಲ.

"ನಾವ್ ಇಳಿಯಾಕಿಲ್ಲ ಕಣಕ್ಕೋ," ಅಂದಳು ಚಿಕ್ಕತಾಯಿ.

"ಅದು ಕತೆ ಕಣಮ್ಮಿ! ನಾನೇ ಕಟ್ಟಿದ್ದು!"

"ಸೈನ್ ಹಾಕಾಕೆ ಅರ್ಧ ಗಂಟೆ ತಗೋತೀಯೆ. ನೀನು ಅಂತಾ ಕತೆ ಕಟ್ಟೀಯಾ? ಕಣ್ಣಾರೆ ನೋಡಿರೋದ್ಕೇ ಬರ್ದಿದ್ದೀಯೆ."

ನನ್ನ ಸಾಹಿತ್ಯಕ್ಕೆ ಬಂದ ಮೊದಲ ವಿಮರ್ಶೆ! ಹೊಗಳಿಕೆಯೋ ಬೈಗುಳವೋ ಯೋಚಿಸಲು ಪುರುಸೊತ್ತಿರಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕಪ್ಪಾಗಿತ್ತು.

"ಬನ್ರಮ್ಮಿ, ಬಾಗ್ಲು ತೆಗ್ದೇ ತೋರುಸ್ತೀನಿ. ಒಳ್ಗೆ ಏನೂ ಇಲ್ದಿದ್ರೆ ಇಳೀತೀರಾ?"

"ಇಳೀತೀವಿ. ನೀನ್ ಮುಂದೆ ಓಗು."

ನಾನು ಮುಂದೆ, ಅವರು ಹಿಂದೆ. ದಂಡು ನಡೆಸುವವಳ ಹಾಗೆ ಹೋಗಿ ಮೋಟಾರು ಮನೆಯ ಬಾಗಿಲು ತಳ್ಳಿದೆ.

ಒಳಗೆ ಕತ್ತಲು. ಮೂಲೆಯಲ್ಲಿ ತಲೆಯ ಮೇಲೆ ಬಿಳಿ ಬಟ್ಟೆ. ಬಟ್ಟೆಯಿಂದ ತೊಟತೊಟ ನೀರು. ಕುಕ್ಕರಗಾಲಲ್ಲಿ ಕೂತು ಈರುಳ್ಳಿ ಬಿಡಿಸುತ್ತಿದೆ. ಅಳುತ್ತಿಲ್ಲ!

"ಬಾರಮ್ಮಿ, ಕೂತ್ಕೊ," ಅಂದಿತು.

ಹೆಂಗಸರು ಕಿರುಚಿದ್ದು ಆಮೇಲೆ. ಮೊದಲು ಓಡಿದ್ದು ನಾನು! ಮಂಡಿ ನೋವೆಂದು ಮನೆಯ ಮೆಟ್ಟಿಲು ಹತ್ತಲು ನರಳುವವಳು ಬದು ಹಾರಿದೆ, ಬೇಲಿ ಹಾರಿದೆ, ಚಿಕ್ಕತಾಯಿಯನ್ನೂ ಹಿಂದೆ ಹಾಕಿದೆ. ರಸ್ತೆಗೆ ಬಂದು ತಿರುಗಿ ನೋಡಿದರೆ ನಮ್ಮ ಯಜಮಾನರು! ತಲೆ ಮೇಲೆ ಒದ್ದೆ ಟವಲು, ಒಂದು ಕೈಯಲ್ಲಿ ಮುದ್ದೆ ತಟ್ಟೆ, ಇನ್ನೊಂದರಲ್ಲಿ ಈರುಳ್ಳಿ. ಐವತ್ತು ವರ್ಷ ಕೇಳಿದ ದನಿ. ಗುರುತೇ ಸಿಕ್ಕಿರಲಿಲ್ಲ.

"ಸೆಕೆ ಅಂತ ತಲೆ ನೆನೆಸ್ಕಂಡು ಉಣ್ಣಾಕೆ ಕುಂತಿದ್ದೆ. ಯಾಕಮ್ಮಿ ಅಂಗೆ ಓಡ್ಬುಟ್ಟೆ?" ಎಂದು ಕೂಗಿದರು.

"ನೋಡ್ರಮ್ಮಿ, ಅದು ನನ್ ಗಂಡ!" ಅಂದೆ ಏದುಸಿರು ಬಿಡುತ್ತ.

"ಗಂಡ ಆದ್ರೆ ನೀನ್ಯಾಕ್ ಓಡ್ದೆ?" ಅಂದಳು ಚಿಕ್ಕತಾಯಿ. "ಬರ್ದೋಳೇ ನಿಲ್ನಿಲ್ಲ. ನಾವ್ ನಿಂತಾವಾ?"

ಅವರೆಲ್ಲ ಪಕ್ಕದ ಹೊಲದ ಚೆಂಡು ಹೂ ಬಿಡಿಸಲು ಹೊರಟುಹೋದರು.

ಮರುದಿನ ಬೆಳಿಗ್ಗೆ ಹನಿ ಶುರುವಾಯಿತು. ನಾವು ಗಂಡ ಹೆಂಡತಿ ಇಬ್ಬರೇ ಹೊಲಕ್ಕಿಳಿದು ಈರುಳ್ಳಿ ಕಿತ್ತೆವು. ಚೀಲಗಳೆಲ್ಲ ಮೋಟಾರು ಮನೆಯ ಒಳಗಿದ್ದವು. ನಾನು ಸೆರಗಲ್ಲೇ ತುಂಬಿಕೊಂಡೆ.