ಹಮಾಮಿನ ಮೂಲೆಯ ಗಡಿಗೆ

ಲ್ಯೂಬೆನ್ ಮಾಡಿದ ತಪ್ಪು ಇಷ್ಟೇ: ಹಾಡಹಗಲೇ ಮಣ್ಣಿನ ಮೂಟೆ ಹೊತ್ತು ಹಮಾಮಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬಲ್ಗೇರಿಯಾದ ಆ ಬೆಟ್ಟದೂರಿನಲ್ಲಿ ಒಬ್ಬ ಸಲಿಕೆ ಹಿಡಿದರೆ ಸಾಕು, ಊರಿಗೆಲ್ಲ ನಿಧಿಯ ವಾಸನೆ ಬಡಿಯುತ್ತದೆ. ಹಿಂದಿನ ರಾಜರು ಹುಟ್ಟಿದ್ದೇ ತಮ್ಮ ಹಿತ್ತಿಲಲ್ಲಿ ಚಿನ್ನ ಹೂತಿಡಲು ಎಂದು ಪ್ರತಿ ಮನೆಯವರೂ ನಂಬಿದ್ದಾರೆ. ಲ್ಯೂಬೆನ್ನೋ ಪಾಪ, ತುರ್ಕರ ಕಾಲದ ಆ ಪಾಳು ಸ್ನಾನದ ಮನೆಯಲ್ಲಿ ಹೊಸ ಬಗೆಯ ಕಲಾ ಮ್ಯೂಸಿಯಂ ಕಟ್ಟುತ್ತಿದ್ದ. ಸೋರುವ ನಲ್ಲಿಗಳ ಕೆಳಗೆಲ್ಲ ಬಾಣಲೆ ನೇತುಹಾಕಿದ್ದ. ಹನಿ ಬಿದ್ದರೆ ಅದೇ ಸಂಗೀತ. ಅಂದು ಮಧ್ಯಾಹ್ನ ಪುರಾತತ್ವ ಇಲಾಖೆಯ ಅಧಿಕಾರಿಣಿ ಬಂದು ಒಪ್ಪಿಗೆ ಕೊಟ್ಟರೆ ಸರಿ, ಇಲ್ಲವಾದರೆ ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಮೂಲೆಯಲ್ಲಿ ನೆಲ ಕುಸಿದಿತ್ತು. ಮಣ್ಣಿನ ಜೊತೆ ತಾನು ಮಾಡಿ ಕೆಟ್ಟುಹೋದ ಗಡಿಗೆಗಳನ್ನೂ ಹಾಕಿ ಅದನ್ನು ಮುಚ್ಚಿದ್ದ.

ಎದುರು ಮನೆಯ ನಿವೃತ್ತ ಸ್ಟೇಷನ್ ಮಾಸ್ಟರ್ ಗಾನ್ಚೊ ಬಾಲ್ಕನಿಯಿಂದ ಎಲ್ಲ ನೋಡಿದ.

"ಒಂಬತ್ತು ಮೂಟೆ ಒಳಗೆ ಹೋಯ್ತು ಕಣೇ ಡೋನ್ಕಾ. ಬಂದದ್ದು ಬರೀ ಖಾಲಿ ಚೀಲ."

"ಗುಂಡಿ ಮುಚ್ತಿರ್ಬೇಕು ಬಿಡಿ," ಎಂದಳು ಪಕ್ಕದ ಮನೆಯ ಡೋನ್ಕಾ.

"ಅದೇ ನಾನೂ ಹೇಳೋದು! ಆ ಗುಂಡೀಲಿ ಇದ್ದದ್ದು ಎಲ್ಲಿ ಹೋಯ್ತು?"

ಡೋನ್ಕಾ ಚೀಸ್ ತುಂಬಿದ ಬಿಸಿ ಬನಿತ್ಸಾ ರೊಟ್ಟಿ ತಟ್ಟೆಗೆ ಹಾಕಿಕೊಂಡು ಹಮಾಮಿಗೇ ನಡೆದಳು.

"ತಿನ್ನಪ್ಪಾ, ಎಷ್ಟು ಸೊರಗಿದೀಯ!" ಎಂದಳು. ಕಣ್ಣು ಮಾತ್ರ ಮೂಲೆಯ ಮೇಲಿತ್ತು.

"ಅಲ್ಲಿ ತುಳೀಬೇಡಿ ಅತ್ತೆ, ಇನ್ನೂ ಒಣಗಿಲ್ಲ," ಎಂದ ಲ್ಯೂಬೆನ್.

ತುಳಿಯಬೇಡಿ ಎಂದ ಮೇಲೆ ಇನ್ನೇನು ಬೇಕು? ಅವನು ಅಧಿಕಾರಿಣಿಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದದ್ದೇ ತಡ, ಅರ್ಧ ಬೀದಿ ಸಲಿಕೆ ಸಮೇತ ಒಳಗಿತ್ತು.

ಅಧಿಕಾರಿಣಿ ವೆಲಿನಾ ಲ್ಯೂಬೆನ್ ಜೊತೆ ಬಾಗಿಲಲ್ಲಿ ಕಾಲಿಟ್ಟಾಗ ಗಾನ್ಚೊ ಸೊಂಟದ ಮಟ್ಟ ಗುಂಡಿಯಲ್ಲಿದ್ದ. ಮಣ್ಣೆತ್ತಿ ಹಾಕಲು ಬಾಣಲೆಗಳೇ ಬಳಕೆಯಾಗಿದ್ದವು.

"ಸಿಕ್ಕಿಬಿದ್ದ ಕಳ್ಳ! ನೋಡಿ ಮೇಡಂ!" ಎಂದು ಗಾನ್ಚೊ ಒಂದು ಸೊಟ್ಟ ಗಡಿಗೆ ಎತ್ತಿ ಹಿಡಿದ.

ವೆಲಿನಾ ಕನ್ನಡಕ ಏರಿಸಿ, ಕರವಸ್ತ್ರದಿಂದ ಮಣ್ಣೊರೆಸಿ, ಉಸಿರು ಬಿಗಿಹಿಡಿದಳು. "ಎರಡು ಸಾವಿರ ವರ್ಷಕ್ಕೆ ಕಡಿಮೆ ಇಲ್ಲ! ಈ ಬಾಗು ನೋಡಿ. ಇಂಥ ಕೈ ಈಗ ಯಾರಿಗಿದೆ?"

ಆ ಗಡಿಗೆ ಹೋದ ಮಾರ್ಚಿನಲ್ಲಿ ಲ್ಯೂಬೆನ್ನನ ಗಡಿಗೆ ಸುಡುವ ಗೂಡಿನಲ್ಲೇ ಸೊಟ್ಟಗಾಗಿತ್ತು. ಹುಟ್ಟಿದಾರಭ್ಯ ಅವನ ಕೆಲಸವನ್ನು ಯಾರೂ ಹೊಗಳಿರಲಿಲ್ಲ.

"ಅದು... ಅದು ನಾನು ಮಾಡಿದ್ದು!"

"ನೀನಾ? ಬಾಣಲೆ ನೇತುಹಾಕೋನು?" ಗಾನ್ಚೊ ಹೊಟ್ಟೆ ಹಿಡಿದು ನಕ್ಕ. ಬೀದಿಯೆಲ್ಲ ನಕ್ಕಿತು.

ವೆಲಿನಾ ನಗಲಿಲ್ಲ. "ಹಳೇ ಕಾಲದ್ದರ ನಕಲು ಮಾಡಿ, ಹಳೇ ಕಟ್ಟಡದಲ್ಲಿ ಹೂತಿಟ್ಟೆ ಅಂತೀರಾ? ಅದಕ್ಕೆ ಜೈಲು. ಯೋಚ್ನೆ ಮಾಡಿ ಹೇಳಿ."

ಲ್ಯೂಬೆನ್ ಯೋಚಿಸಿದ. "ತಮಾಷೆಗೆ ಅಂದೆ ಮೇಡಂ."

ಸಂಜೆಯೊಳಗೆ ಉತ್ಖನನಕ್ಕೆಂದು ಹಮಾಮಿಗೆ ಬೀಗ ಬಿತ್ತು. ಗಡಿಗೆಯ ಕೊರಳಿಗೊಂದು ಚೀಟಿ ಬಿತ್ತು: 'ಕಲಾವಿದ: ಅಜ್ಞಾತ.' ಅದು ಹತ್ತಿಯಲ್ಲಿ ಸುತ್ತಿಸಿಕೊಂಡು ಕಾರಿನಲ್ಲಿ ಹೋಯಿತು. ಲ್ಯೂಬೆನ್ ನಗ್ಗಿದ ಬಾಣಲೆಗಳನ್ನು ಹೊತ್ತು ನಡೆದೇ ಹೊರಟ.

ಡೋನ್ಕಾಳಿಗೆ ಕರುಳು ಚುರುಕ್ಕೆಂದಿತು.

"ಬೇಜಾರ್ ಮಾಡ್ಕೋಬೇಡಪ್ಪಾ," ಎಂದು ಬೆನ್ನು ಸವರಿದಳು. "ಆ ಬಾಣಲೆ ಗೀಣಲೆ ಬಿಟ್ಟು, ನೀನೂ ಅಂಥ ಗಡಿಗೆ ಮಾಡೋದು ಕಲಿತ್ಕೋ."